ಅಷ್ಟೂ ಎಡಗಾಲು

ಇದನ್ನು ಹೇಳುವುದನ್ನು ನಾನು ಬಹಳ ಕಾಲದಿಂದ ಮುಂದೆ ಹಾಕುತ್ತ ಬಂದಿದ್ದೇನೆ. ಬರೆಯಲು ಕೂತಾಗಲೆಲ್ಲ ಮನೆಯಲ್ಲಿ ಯಾರದಾದರೂ ಅಂಗಿಯ ಗುಂಡಿ ಕಿತ್ತಿರುತ್ತಿತ್ತು. ಯಾರದೂ ಕಿತ್ತಿರದಿದ್ದರೆ ನನ್ನ ಅಂಗಿಯದನ್ನೇ, ಸಡಿಲವಾಗಿದೆಯೇನೋ ಎಂದು ಎಳೆದು ನೋಡಿ, ಅದು ಕೈಗೆ ಬಂದ ಮೇಲೆ ಹೊಲಿಯುತ್ತ ಕೂತದ್ದೂ ಉಂಟು. ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ನೆಪ ಉಳಿದಿಲ್ಲ, ಬರೆಯುತ್ತೇನೆ.

ನಾನು ಮಡಕಶಿರಾ ಕಡೆಯವನು. ಅಮರಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಕಾಲಿನಲ್ಲಿ ತುಳಿಯುವ ಒಂದು ಮಿಷಿನ್ ಇಟ್ಟುಕೊಂಡು ಶಾಲೆ ಹುಡುಗರ ಖಾಕಿ ಚಡ್ಡಿ, ಹೆಂಗಸರ ರವಿಕೆ ಹೊಲಿಯುತ್ತಿದ್ದೆ. ಅಪ್ಪನ ಪ್ಯಾಂಟು ಮಂಡಿಯಲ್ಲಿ ಹರಿದರೆ ಅದರಲ್ಲೇ ಮಗನಿಗೆ ಚಡ್ಡಿ ಕತ್ತರಿಸಿಕೊಡುವುದು ನನ್ನ ವಿಶೇಷ. ಆಮೇಲೆ ಸಂತೆಗೆ ರೆಡಿಮೇಡ್ ಬಂತು. ಊರಿನ ಜನ ರೆಡಿಮೇಡ್ ತೊಟ್ಟು ನನ್ನ ಅಂಗಡಿಯ ಮುಂದೆಯೇ ಓಡಾಡುತ್ತಿದ್ದರು. ತೋಳು ಉದ್ದವಾಗಿದ್ದರೆ ಮಾತ್ರ ಒಳಗೆ ಬರುತ್ತಿದ್ದರು. ರಾಯದುರ್ಗದಲ್ಲಿ ಮನೆಗೊಂದು ಓಣಿಗೊಂದು ಜೀನ್ಸ್ ಯೂನಿಟ್ ಆಗುತ್ತಿವೆ, ಕಟಿಂಗ್ ಮಾಸ್ತರರು ಸಿಗುತ್ತಿಲ್ಲ ಎಂದು ಯಾರೋ ಹೇಳಿದರು. ಒಂದು ಕತ್ತರಿ, ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೊರಟೆ.

ಯೂನಿಟ್ಟಿನ ಸಾವುಕಾರರು ಅದಕ್ಕೆ ಮುಂಚೆ ಶೇಂಗಾ ವ್ಯಾಪಾರ ಮಾಡುತ್ತಿದ್ದವರು. ಶೇಂಗಾ ಗೋದಾಮಿನಲ್ಲೇ ಮಿಷಿನ್‌ಗಳನ್ನು ಹಾಕಿದ್ದರು. ಜೀನ್ಸ್ ಬಟ್ಟೆ ಬಂದರೂ ಅದನ್ನು ಮುಷ್ಟಿಯಲ್ಲಿ ಹಿಡಿದು, ಕಾಯಿ ಒಣಗಿದೆಯೋ ಇಲ್ಲವೋ ಎಂದು ನೋಡುವ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಹೊಲಿಗೆ ಬಗ್ಗೆ ಅವರಿಗೆ ಗೊತ್ತಿದ್ದುದು ಅಷ್ಟೇ. ಅದು ನನ್ನ ಪುಣ್ಯ.

"ಜೀನ್ಸ್ ಕತ್ತರಿಸೀರೇನ್ರಿ ಮಾಸ್ತರ?" ಎಂದು ಕೇಳಿದರು.

"ಬಳ್ಳಾರಿಯಾಗೆ ಅದೇ ಕೆಲಸ ಸಾಮಿ," ಎಂದೆ.

ಬಳ್ಳಾರಿಗೆ ನಾನು ಹೋದದ್ದು ಒಂದೇ ಸಲ, ಒಂದು ಮದುವೆಗೆ. ಅಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಬಂದಿದ್ದೆ. ಸಾವುಕಾರರು ನಂಬಿದರು. "ಬರ್ರಿ ಹಂಗಾದ್ರ. ಬಲಗಾಲಿಟ್ಟು ಬರ್ರಿ," ಎಂದರು. ಅದು ಬಾಯಿಮಾತಲ್ಲ. ಆ ಗೋದಾಮಿನ ಹೊಸ್ತಿಲು ದಾಟುವಾಗ ಅವರು ದಿನಾ ಒಂದು ಗಳಿಗೆ ನಿಂತು ಬಲಗಾಲು ಯಾವುದೆಂದು ನೋಡಿಕೊಂಡೇ ಒಳಗೆ ಇಡುತ್ತಿದ್ದರು. ಯಾರಾದರೂ ಎಡಗಾಲು ಇಟ್ಟರೆ ಹೊರಗೆ ಕಳಿಸಿ ಮತ್ತೆ ಕರೆಯುತ್ತಿದ್ದರು.

ಕಟಿಂಗ್ ಟೇಬಲ್ಲಿನ ಹತ್ತಿರ ಒಬ್ಬ ಹೆಂಗಸಿದ್ದಳು. ಡಿ. ಹಿರೇಹಾಳಿನಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಥಾನಿನಿಂದ ಬಟ್ಟೆ ಎಳೆದು ಉದ್ದನೆಯ ಟೇಬಲ್ಲಿನ ಮೇಲೆ ಪದರದ ಮೇಲೆ ಪದರ ಹಾಸುವುದು ಆಕೆಯ ಕೆಲಸ. ಲೇಯರ್ ಹಾಕುವುದು ಎನ್ನುತ್ತಾರೆ. ಪದರಗಳು ಗಟ್ಟಿ ದಿಂಡಾದ ಮೇಲೆ ಮಾಸ್ತರ ಮೇಲಿನ ಪದರದ ಮೇಲೆ ರಟ್ಟಿನ ಅಚ್ಚುಗಳನ್ನಿಟ್ಟು ಸೀಮೆಸುಣ್ಣದಲ್ಲಿ ಗೀಟು ಹಾಕಿ, ಕರೆಂಟಿನ ಕಟಿಂಗ್ ಮಿಷಿನ್ ಹಿಡಿದು ಅಷ್ಟನ್ನೂ ಒಟ್ಟಿಗೆ ಕತ್ತರಿಸಬೇಕು. ಆಕೆ ನನಗಿಂತ ಚಿಕ್ಕವಳು. ಆದರೂ ನಾನು ಅಕ್ಕ ಎನ್ನುತ್ತಿದ್ದೆ. ಆಕೆಯ ನಾಲಿಗೆಯ ಮುಂದೆ ಯಾರಾದರೂ ತಮ್ಮನೇ ಆಗಬೇಕಿತ್ತು.

ಮೊದಲ ದಿನ ಮಿಷಿನ್ ಎತ್ತಿಕೊಂಡು ನಿಂತೆ. ಸ್ವಿಚ್ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಮಿಷಿನ್ನಿನ ತಲೆ ಸವರಿದೆ, ಬೆನ್ನು ಸವರಿದೆ. ಆಕೆ ಹತ್ತಿರ ಬಂದು, ಹಿಡಿಯ ಕೆಳಗೆ ಬೆರಳಿಟ್ಟು ಚಾಲೂ ಮಾಡಿದಳು.

"ಬಳ್ಳಾರಿಯಾಗ ಮಿಷಿನ್ನು ಮಾತಿಗೇ ಚಾಲೂ ಆಗ್ತಿದ್ವೇನ್ರಿ ಮಾಸ್ತರ?" ಎಂದಳು ಸಣ್ಣ ದನಿಯಲ್ಲಿ.

ಮಧ್ಯಾಹ್ನ ತನ್ನ ಬುತ್ತಿ ಬಿಚ್ಚಿ ಎರಡು ಜೋಳದ ರೊಟ್ಟಿ, ಚಟ್ನಿಪುಡಿ ನನ್ನ ಕಡೆ ಸರಿಸಿದಳು. ನಾನು ರಾಗಿಮುದ್ದೆಯವನು. ರೊಟ್ಟಿಯನ್ನು ಮುರಿಯಲು ಬಾರದೆ ಮಡಚಿ, ಕಳ್ಳೇಕಾಯಿ ಹೋಳಿಗೆ ಕಚ್ಚುವ ಹಾಗೆ ಕಚ್ಚಿದೆ. ಆಕೆ ನೋಡಿ ನಕ್ಕು ಹೇಳಿದಳು: "ನಿಮ್ಮ ಗುಟ್ಟು ನನ್ನ ಹೊಟ್ಟ್ಯಾಗ ಇರ್ತೈತಿ, ನನ್ನ ರೊಟ್ಟಿ ನಿಮ್ಮ ಹೊಟ್ಟ್ಯಾಗ ಇರ್ಲಿ. ನೀವು ಮಿಷಿನ್ ಕಲಿತ್ರ ನನಗೂ ಕಲಿಸ್ರಿ."

"ಎಂಗಸ್ರು ಕಟಿಂಗ್ ಮಿಷಿನ್ ಹಿಡೀತಾರೇನಕ್ಕ?"

"ಕುಡುಗೋಲು ಹಿಡೀತೀವಿ, ಈಳಿಗಿ ಹಿಡೀತೀವಿ. ಇದಕ್ಕೇನು ಮೀಸಿ ಬೇಕೇನ್ರಿ?"

ಸಾವುಕಾರರು ಹಬ್ಬ ಕಳೆದ ಮೇಲೆ ಎರಡನೆಯ ಟೇಬಲ್ ಹಾಕುವವರಿದ್ದರು. ಅಲ್ಲಿ ಮಿಷಿನ್ ಹಿಡಿದು ನಿಲ್ಲಬೇಕೆಂಬುದು ಆಕೆಯ ಆಸೆ. ಆಗ ರಾಯದುರ್ಗದಲ್ಲಿ ಆ ಕೆಲಸಕ್ಕೆ ಹೆಂಗಸರು ನಿಂತದ್ದನ್ನು ನಾನಂತೂ ಕಂಡಿರಲಿಲ್ಲ. ನಾನು ಕಲಿಸುತ್ತೇನೆ ಎಂದೆ. ಆಣೆ ಏನೂ ಮಾಡಲಿಲ್ಲ, ಆದರೆ ರೊಟ್ಟಿ ಬಾಯಲ್ಲಿತ್ತು. ನಮ್ಮ ಕಡೆ ಅನ್ನದ ಮುಂದೆ ಹೇಳಿದ ಮಾತು ಆಣೆಗಿಂತ ಕಡಿಮೆಯಲ್ಲ.

ಕೆಲಸ ಸಾಗಿತು. ನನ್ನ ಸುಳ್ಳು ಬಯಲಾಗದಿರಲು ಕಾರಣ ಆ ಯೂನಿಟ್ಟಿನಲ್ಲಿ ಲೇಯರ್ ಹಾಕುತ್ತಿದ್ದ ರೀತಿ. ಆಕೆ ಥಾನಿನ ತುದಿ ಹಿಡಿದು ಟೇಬಲ್ಲಿನ ಆ ಕೊನೆಗೆ ಹೋಗಿ, ಕತ್ತರಿಸದೆ ಅಲ್ಲೇ ಮಡಚಿಕೊಂಡು ಈ ಕೊನೆಗೆ ಬರುತ್ತಿದ್ದಳು. ಹೋಗುವಾಗಿನ ಪದರದ ನೀಲಿ ಮುಖ ಮೇಲಕ್ಕೆ, ಬರುವಾಗಿನದು ಕೆಳಕ್ಕೆ. ನಾನು ಪ್ರತಿ ಅಚ್ಚನ್ನೂ ಒಂದೊಂದು ಸಲ ಬರೆದು ಕತ್ತರಿಸುತ್ತಿದ್ದೆ. ಆಮೇಲೆ ಹೊಲಿಯುವವರು ಎಡಗಾಲು ಬಲಗಾಲು ಸರಿಯಾಗಿ ಜೋಡಿಸಿಕೊಳ್ಳುತ್ತಿದ್ದರು. ಅದು ನನ್ನ ಕೈಚಳಕ ಎಂದೇ ನಾನು ತಿಳಿದಿದ್ದೆ.

ಹಬ್ಬದ ಮುಂಚೆ ಬಳ್ಳಾರಿಯ ಒಂದು ಪಾರ್ಟಿಯಿಂದ ದೊಡ್ಡ ಲಾಟು ಬಂತು. ಬಟ್ಟೆ ತಂದ ಪಾರ್ಟಿಯ ಆಳು ನನ್ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, "ಇದು ಹೊಸ ಬಟ್ಟಿ. ಎಲ್ಲಾ ಪದರದ ಮುಖ ಮ್ಯಾಲೇ ಇರ್ಲಿ. ಹೋಗಿ ಬಂದು ಹಾಕಿದ್ರ ಕಲರಿನಾಗ ಫರಕ್ ಬರ್ತೈತಿ," ಎಂದು ಹೇಳಿ ಹೋದ. ನಾನು ಲೇಯರಿನಾಕೆಗೆ ಹೇಳಿದೆ.

"ಯಾವತ್ತೂ ಹೋಗಿ ಬಂದು ಹಾಕ್ತಿದ್ವಲ್ರಿ?"

"ಪಾರ್ಟಿಯೋರು ಹೇಳವ್ರೆ ಕಣಕ್ಕ. ಹಾಕು ಸುಮ್ನೆ."

ಆಕೆ ಹಾಕಿದಳು. ಒಂದೇ ಮುಖ ಬರಬೇಕಾದರೆ ಪ್ರತಿ ಪದರವನ್ನೂ ಆ ಕೊನೆಯಲ್ಲಿ ಕತ್ತರಿಸಿ, ಬರಿಗೈಯಲ್ಲಿ ನಡೆದು ಬಂದು ಮತ್ತೆ ಎಳೆದುಕೊಂಡು ಹೋಗಬೇಕು. "ಇಷ್ಟು ದೂರ ರೋಡಿನ ಮ್ಯಾಲ ನಡದಿದ್ರ ಇಷ್ಟೊತ್ತಿಗೆ ತಿರುಪತಿ ಮುಟ್ಟಿ ತಲಿ ಕೊಟ್ಟು ಬರ್ತಿದ್ದೆ," ಎಂದು ಗೊಣಗುತ್ತ, ಒಂದು ಸುಕ್ಕಿಲ್ಲದ ಹಾಗೆ ಹಾಕಿದಳು. ಆಮೇಲೆ ನಾನು ಗೀಟು ಹಾಕಿದೆ. ಯಾವತ್ತಿನ ಹಾಗೆ ಪ್ರತಿ ಅಚ್ಚೂ ಒಂದೊಂದು ಸಲ. ಆ ದಿನ ಮಿಷಿನ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಸಾವುಕಾರರನ್ನು ಕರೆದು ಅಂಚುಗಳನ್ನು ಮುಟ್ಟಿಸಿ ತೋರಿಸಿದೆ. ಅವರು ಮುಟ್ಟಿ, ಅಲ್ಲಾಡಿಸಿ, "ಚಲೋ ಅದಾವ," ಎಂದರು.

ಮರುದಿನ ಹೊಲಿಗೆ ಶುರುವಾಯಿತು. ಜೀನ್ಸ್ ಪ್ಯಾಂಟಿನ ಬಲಗಡೆಯ ಜೇಬಿನೊಳಗೆ ಚಿಲ್ಲರೆ ಇಡುವ ಒಂದು ಮರಿಜೇಬು ಇರುತ್ತದಲ್ಲ, ಅದನ್ನು ಕೂರಿಸುವುದಕ್ಕೆಂದೇ ಒಬ್ಬನಿದ್ದ. ತೆಲುಗಿನವನು. ಅವನಿಗೆ ಬೇಕಾದದ್ದು ಬಲಗಾಲಿನ ಮುಂಭಾಗ ಮಾತ್ರ. ಬೆಳಿಗ್ಗೆಯಿಂದ ಒಂದೂ ಬಂದಿರಲಿಲ್ಲ. ಅವನು ದೂರು ಹೇಳುವ ಜಾತಿಯವನಲ್ಲ. ಮಿಷಿನ್ನಿನ ಮೇಲೆ ಕೈಮಡಚಿಕೊಂಡು ಒಂದು ನಿದ್ದೆ ತೆಗೆದ, ಹೊರಗೆ ಹೋಗಿ ಚಹಾ ಕುಡಿದು ಬಂದ, ಇನ್ನೊಂದು ನಿದ್ದೆ ತೆಗೆದ. ಮಧ್ಯಾಹ್ನದ ಹೊತ್ತಿಗೆ ಅವನಿಗೇ ಅನುಮಾನ ಬಂದು ನನ್ನ ಹತ್ತಿರ ಬಂದ.

"ಮಾಸ್ಟರ್ ಗಾರೂ, ಕುಡಿ ಕಾಲು ಎಕ್ಕಡ?"

ಬಲಗಾಲು ಎಲ್ಲಿ ಎಂದು ಕೇಳುತ್ತಿದ್ದ. "ಕಟ್ಟಿನಾಗೆ ಐತೆ ನೋಡಪ್ಪ," ಎಂದೆ. ಅವನು ಕಟ್ಟುಗಳನ್ನೆಲ್ಲ ಬಿಚ್ಚಿದ. ನಾನೂ ಬಿಚ್ಚಿದೆ. ಒಂದು ತುಂಡು ಎತ್ತಿ ನನ್ನ ತೊಡೆಗೆ ಹಿಡಿದು ನೋಡಿದೆ: ಎಡಗಾಲು. ಇನ್ನೊಂದು: ಎಡಗಾಲು. ಅಡಿಯಿಂದ ಒಂದು ಎಳೆದೆ. ಅದೂ ಎಡಗಾಲೇ.

ಆಗ ನನಗೆ ಹೊಳೆಯಿತು. ಹಳ್ಳಿಯ ದರ್ಜಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಮೇಲೆ ಒಂದು ಕಾಲು ಬರೆಯುತ್ತಾನೆ. ಕತ್ತರಿಸಿದರೆ ಮೇಲಿನದು ಎಡಗಾಲು, ಕೆಳಗಿನದು ಬಲಗಾಲು, ಅವಳಿ ಮಕ್ಕಳ ಹಾಗೆ ಒಟ್ಟಿಗೆ ಬರುತ್ತವೆ. ಯೂನಿಟ್ಟಿನಲ್ಲಿ ಹೋಗಿ ಬಂದು ಹಾಕುತ್ತಿದ್ದ ಲೇಯರೂ ಅದೇ ಮಡಿಕೆಯೇ, ಉದ್ದದ್ದು ಅಷ್ಟೇ. ಎಲ್ಲ ಪದರದ ಮುಖವೂ ಮೇಲಕ್ಕಿದ್ದರೆ ಮಡಿಕೆ ಇಲ್ಲ. ಆಗ ಅಚ್ಚನ್ನು ಒಮ್ಮೆ ನೆಟ್ಟಗೆ, ಒಮ್ಮೆ ಮಗುಚಿ, ಎರಡು ಸಲ ಬರೆಯಬೇಕು. ನಾನು ಒಂದೇ ಸಲ ಬರೆದಿದ್ದೆ. ಇಷ್ಟು ದಿನ ಎಡ ಬಲ ಯೋಚಿಸುವ ಕೆಲಸವನ್ನು ಮಡಿಕೆ ಮಾಡುತ್ತಿತ್ತು. ಸಂಬಳ ನಾನು ತೆಗೆದುಕೊಳ್ಳುತ್ತಿದ್ದೆ.

ಇನ್ನೂ ಯಾರಿಗೂ ಹೇಳಿರಲಿಲ್ಲ, ಅಷ್ಟರಲ್ಲಿ ಸಾಲಿನ ಕೊನೆಯಲ್ಲಿದ್ದ ಒಬ್ಬ ಹೊಲಿಗೆಯವನು ತನ್ನ ಬುದ್ಧಿ ಉಪಯೋಗಿಸಿ ಒಂದು ಪ್ಯಾಂಟು ಮುಗಿಸಿಯೇ ಬಿಟ್ಟಿದ್ದ. ಎರಡೂ ಎಡಗಾಲಾದ್ದರಿಂದ ಒಂದನ್ನು ತಿರುವಿ ಹೊಲಿದಿದ್ದ. ಒಂದು ಕಾಲು ಕಡುನೀಲಿ, ಇನ್ನೊಂದು ಕಾಲು ಬಟ್ಟೆಯ ಹಿಂಬದಿಯ ಬಿಳಿ. ಹೊಸ ಫ್ಯಾಷನ್ ಇರಬಹುದು ಎಂದುಕೊಂಡನಂತೆ. ಅದನ್ನು ಸಾವುಕಾರರಿಗೇ ಕೊಂಡೊಯ್ದು ತೋರಿಸಿದ.

ಸಾವುಕಾರರು ಆ ಪ್ಯಾಂಟನ್ನು ಸೊಂಟದಲ್ಲಿ ಹಿಡಿದು ಎತ್ತಿಕೊಂಡು ಬಂದರು. "ಇದೇನ್ರಿ ಮಾಸ್ತರ, ಒಂದು ಕಾಲು ಮೆಕ್ಯಾನಿಕಂದು, ಒಂದು ಕಾಲು ಪೂಜಾರಪ್ಪಂದು?"

ಮರಿಜೇಬಿನವನು ವಿಷಯ ತಿಳಿಸಿದ. ಸಾವುಕಾರರ ಮುಖ ಇಳಿಯಿತು. ಬಟ್ಟೆ ಹಾಳಾದದ್ದಕ್ಕಿಂತ ಅವರಿಗೆ ನಾಟಿದ್ದು ಬೇರೆ. "ಲಕ್ಷ್ಮಿ ಬಲಗಾಲಿಟ್ಟು ಬರ್ತಾಳ ಅಂತ ನಾನು ಹೊಸ್ತಿಲದಾಗ ನಿಂತು ನಿಂತು ಕಾಲಿಡ್ತೀನಿ. ನನ್ನ ಗೋದಾಮಿನಾಗ ಅಷ್ಟೂ ಎಡಗಾಲು ಕಡದು ಒಟ್ಟೀರಲ್ರಿ," ಎಂದು ಕುರ್ಚಿಯಲ್ಲಿ ಕೂತರು. ಕೂತು, "ಯಾರ ತಪ್ಪು?" ಎಂದರು.

ಮಿಷಿನ್‌ಗಳು ನಿಂತಿದ್ದವು. ಲೇಯರಿನಾಕೆ ಟೇಬಲ್ಲಿನ ಆ ಕೊನೆಯಲ್ಲಿದ್ದಳು. ನನಗೆ ಹಳ್ಳಿಯ ಅಂಗಡಿ ಕಣ್ಣ ಮುಂದೆ ಬಂತು. ಉದ್ದ ತೋಳಿನ ರೆಡಿಮೇಡ್ ಅಂಗಿಗಳು ಕಂಡವು. ಬಾಯಿಂದ ಮಾತು ತಾನಾಗಿ ಬಂತು ಎಂದು ಬರೆಯಬಹುದು, ಆದರೆ ಹಾಗಲ್ಲ. ಯೋಚಿಸಿಯೇ ಹೇಳಿದೆ.

"ಜೋಡಿ ಪದರ ಹಾಕಬೇಕಿತ್ತು ಸಾಮಿ. ಒಂದೇ ಮುಖ ಹಾಕವ್ಳೆ."

"ಮಾಸ್ತರು ಹೇಳಿದಂಗ ಹಾಕೀನ್ರಿ," ಎಂದಳು ಆಕೆ.

ಸಾವುಕಾರರು ನನ್ನ ಕಡೆ ತಿರುಗಿದರು. "ನೀವೇನು ಹೇಳಿದ್ರಿ?"

"ಜೋಡಿ ಅಂತಲೇ ಹೇಳಿದ್ದೆ," ಎಂದೆ.

ಆಕೆ ನನ್ನ ಮುಖ ನೋಡಿದಳು. ಸ್ವಿಚ್ಚಿನ ಗುಟ್ಟು ಆಕೆಯ ಹೊಟ್ಟೆಯಲ್ಲಿತ್ತು. ಬಳ್ಳಾರಿಯ ಗುಟ್ಟೂ ಇತ್ತು. ಒಂದು ಮಾತು ಸಾಕಿತ್ತು. ನನ್ನನ್ನು ಓಡಿಸಿದರೆ ತನಗೆ ಮಿಷಿನ್ ಕಲಿಸುವವರು ಇನ್ನು ಯಾರೂ ಇಲ್ಲ ಎಂದು ಆಕೆ ಲೆಕ್ಕ ಹಾಕಿರಬೇಕು. "ಅಂದಿರಬಹುದು ಬಿಡ್ರಿ. ಕಟಿಂಗ್ ಮಿಷಿನ್ ಸದ್ದಿನಾಗ ನನಗ ಕೇಳಿಸಿರಲಿಕ್ಕಿಲ್ಲ," ಎಂದಳು.

ಹಾಸುವಾಗ ಕಟಿಂಗ್ ಮಿಷಿನ್ ಬಂದ್ ಆಗಿರುತ್ತದೆ. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಶೇಂಗಾ ಸಾವುಕಾರರಿಗೆ ಗೊತ್ತಿರಲಿಲ್ಲ.

ಮುಂದಿನದು ರಿಪೇರಿ. ಪಾರ್ಟಿಯ ಆಳು ಮಾಲು ಒಯ್ಯಲು ಬರುವ ದಿನ ಹತ್ತಿರವಿತ್ತು. ಬಲಗಾಲು ಕತ್ತರಿಸಲು ಬಟ್ಟೆ ಮಿಕ್ಕಿರಲಿಲ್ಲ. ನನ್ನ ಹಳ್ಳಿ ವಿದ್ಯೆ ಆಗ ಉಪಯೋಗಕ್ಕೆ ಬಂತು. ದೊಡ್ಡವರ ಎಡಗಾಲಿನ ತುಂಡಿನೊಳಗೆ ಚಿಕ್ಕ ಹುಡುಗನ ಬಲಗಾಲು ಅಡಗಿರುತ್ತದೆ. ಅಚ್ಚು ಚಿಕ್ಕದಿದ್ದರೆ ಮಗುಚಿಟ್ಟರೂ ಹಿಡಿಯುತ್ತದೆ. ಅಪ್ಪನ ಪ್ಯಾಂಟಿನಲ್ಲಿ ಮಗನ ಚಡ್ಡಿ. ಅರ್ಧ ಕಟ್ಟುಗಳಲ್ಲಿ ಹುಡುಗರ ಎಡಗಾಲು, ಅರ್ಧದಲ್ಲಿ ಬಲಗಾಲು ತೆಗೆದರೆ ಇಡೀ ಲಾಟು ಹುಡುಗರ ಪ್ಯಾಂಟಾಗುತ್ತದೆ. ಸಾವುಕಾರರಿಗೆ ಹೇಳಿದೆ. "ಏನಾರ ಮಾಡ್ರಿ, ಮೊದಲು ಬಲಗಾಲು ಕತ್ತರಿಸ್ರಿ," ಎಂದರು.

ಕತ್ತರಿಸಿದ ತುಂಡುಗಳನ್ನು ಮತ್ತೆ ಅಂಚಿಗೆ ಅಂಚು ಕೂಡಿಸಿ ದಿಂಡು ಮಾಡುವುದು ಹೊಸ ಲೇಯರ್ ಹಾಕುವುದಕ್ಕಿಂತ ಕಷ್ಟ. ಒಂದು ತುಂಡು ಜಾರಿದರೂ ಒಬ್ಬ ಹುಡುಗನ ಕಾಲು ಗಿಡ್ಡ. ಅದನ್ನು ಮಾಡಿದವಳು ಆಕೆಯೇ. ನಾನು ಪ್ರತಿ ಅಚ್ಚನ್ನೂ ಮಗುಚಿ, ನನ್ನ ತೊಡೆಗೆ ಹಿಡಿದು, ಎಡಬಲ ನೋಡಿಕೊಂಡೇ ಗೀಟು ಹಾಕುತ್ತಿದ್ದೆ. ಹೊಲಿಗೆಯವರು ನಿಂತು ನೋಡುತ್ತಿದ್ದರು. "ಮಾಸ್ತರ, ಕಾಲು ಎರಡೂ ಅದಾವೋ ನೋಡಿಕೊಳ್ರಿ," ಎಂದ ಒಬ್ಬ. ಲೇಯರಿನಾಕೆ ನಗಲಿಲ್ಲ. ಆಕೆ ನಗದಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಾರ್ಟಿಯ ಆಳು ಬಂದ ದಿನ ನಾನು ಬೆಳಿಗ್ಗೆಯಿಂದ ಬಾಗಿಲ ಕಡೆಯೇ ನೋಡುತ್ತಿದ್ದೆ. ಒಂದೇ ಮುಖ ಹಾಕು ಎಂದು ಹೇಳಿದವನು ಅವನೇ. ಅವನು ಆ ಮಾತೆತ್ತಿದರೆ ನನ್ನ ಕಥೆ ಮುಗಿಯುತ್ತಿತ್ತು. ಸಾವುಕಾರರು ಜಾಣರು. ಪ್ಯಾಂಟು ತೋರಿಸುವ ಮುಂಚೆ ಮಂಡಕ್ಕಿ, ಬಿಸಿ ಮಿರ್ಚಿ ತರಿಸಿದ್ದರು. ಆತ ಬಾಯಿ ತೆರೆದದ್ದು ಮಿರ್ಚಿಗೆ. ಅದು ಖಾರದ್ದು. ಕಣ್ಣಲ್ಲಿ ನೀರು ಸುರಿಸುತ್ತಲೇ ಹುಡುಗರ ಪ್ಯಾಂಟು ಎತ್ತಿ ನೋಡಿ, "ಹಬ್ಬಕ್ಕ ಇವೇ ಓಡ್ತಾವ, ಇರ್ಲಿ," ಎಂದ. ಪೂರಾ ಲಾಟು ಗಾಡಿ ಹತ್ತಿತು. ಆ ಹಬ್ಬಕ್ಕೆ ರಾಯದುರ್ಗದ ಸಂತೆಯಲ್ಲೂ ಆ ಪ್ಯಾಂಟು ತೊಟ್ಟ ಹುಡುಗರನ್ನು ನೋಡಿದೆ. ಎಲ್ಲರೂ ಸರಿಯಾಗಿಯೇ ನಡೆಯುತ್ತಿದ್ದರು.

ಸಾವುಕಾರರು ನನಗೆ ಎಲೆ ಅಡಿಕೆ, ಪಂಚೆ ಕೊಟ್ಟು, ಎಲ್ಲರ ಮುಂದೆ, "ಆಕಿ ಕೆಡಿಸಿದ್ದನ್ನ ಮಾಸ್ತರು ಉಳಿಸಿದ್ರು," ಎಂದರು. ನಾನು ಪಂಚೆ ತೆಗೆದುಕೊಂಡೆ. ಅವತ್ತಿನಿಂದ ನನ್ನ ಕೆಲಸ ಕಾಯಂ.

ಆಕೆಯನ್ನು ಟೇಬಲ್ಲಿನಿಂದ ತೆಗೆದು ಬಾಗಿಲ ಬಳಿ ದಾರ ಕತ್ತರಿಸಲು ಕೂರಿಸಿದರು. ಮುಗಿದ ಪ್ಯಾಂಟಿನಲ್ಲಿ ಉಳಿದ ದಾರದ ತುದಿಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸುವ ಕೆಲಸ. ಯಾರು ಮೊದಲು ಕರೆದರೋ ಗೊತ್ತಿಲ್ಲ, ಆಕೆಗೆ ಎಡಗಾಲಕ್ಕ ಎಂದು ಹೆಸರಾಯಿತು. ಮೊದಲು ನಗುವುದಕ್ಕೆ ಕರೆದರು, ಆಮೇಲೆ ಕರೆಯುವುದಕ್ಕೇ ಕರೆದರು. ನಾನೂ ಒಂದೆರಡು ಸಲ ಕರೆದಿದ್ದೇನೆ.

ಹಬ್ಬ ಕಳೆದು ಎರಡನೆಯ ಟೇಬಲ್ ಬಂತು. ಆಕೆ ಬಾಗಿಲ ಬಳಿಯಿಂದ ಎದ್ದು ಬಂದು ಕೇಳಿದಳು. "ಈಗರ ಕಲಿಸ್ತೀರೇನ್ರಿ?"

"ಸಾವುಕಾರ್ರು ಬ್ಯಾಡ ಅಂದವ್ರೆ ಕಣಕ್ಕ. ಎಡಗಾಲು ಅಂತ ಅವರಿಗೆ ಒಂದು ತರ," ಎಂದೆ. ಸಾವುಕಾರರನ್ನು ನಾನು ಕೇಳಿಯೇ ಇರಲಿಲ್ಲ. ಕೇಳಲು ಹೋದರೆ ಮಾತಿಗೆ ಮಾತು ಬೆಳೆದು ಎಲ್ಲಿ ಮುಟ್ಟುತ್ತದೋ ಎಂಬ ಭಯ.

ಆಕೆ ವಾಪಸು ಹೋಗಿ ಬಾಗಿಲ ಬಳಿ ಕೂತಳು. ಮಧ್ಯಾಹ್ನ ಬುತ್ತಿ ಬಿಚ್ಚಿ, ಒಂದು ರೊಟ್ಟಿಯನ್ನು ನೀಟಾಗಿ ಎರಡು ಮಡಿಕೆ ಮಾಡಿ ನನ್ನ ಕೈಗಿಟ್ಟಳು.

"ಮಡಚೇ ಕೊಟ್ಟೀನಿ ತಿನ್ರಿ ಮಾಸ್ತರ. ನಿಮಗ ಬರೋದು ಅದೊಂದ."

ಹಾಗಾದರೆ ಆಕೆಗೆ ಎಲ್ಲ ಅರ್ಥವಾಗಿತ್ತು. ನಾನು ತಿಂದೆ. ನೀರು ಕುಡಿದು ಕುಡಿದು ತಿಂದೆ. ಆಮೇಲೆ ಆಕೆ ಆ ಯೂನಿಟ್ಟಿಗೆ ಬರಲಿಲ್ಲ. ಬೇರೆ ಎರಡು ಮೂರು ಕಡೆ ಲೇಯರಿಗೆ ಹೋಗಿ ಕೇಳಿದಳೆಂದು ಮರಿಜೇಬಿನವನು ಹೇಳಿದ. ಹೆಸರು ಆಕೆಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿರುತ್ತಿತ್ತು. ಎಲ್ಲ ಸಾವುಕಾರರಿಗೂ ಹೊಸ್ತಿಲು ಇರುತ್ತದೆ.

ನಾನು ಕಣ್ಣು ಮಂಜಾಗುವ ತನಕ ಅದೇ ಟೇಬಲ್ಲಿನಲ್ಲಿ ದುಡಿದೆ. ಎಷ್ಟೋ ಜನರಿಗೆ ಮಿಷಿನ್ ಕಲಿಸಿದೆ. ಕೊನೆಕೊನೆಗೆ ಹೆಂಗಸರಿಗೂ ಕಲಿಸಿದೆ. ಪ್ರತಿಯೊಬ್ಬರಿಗೂ ಮೊದಲು ಸ್ವಿಚ್ ತೋರಿಸುತ್ತಿದ್ದೆ.

ಹೋದ ವರ್ಷ ಬಸ್ಸು ಹತ್ತಿ ಡಿ. ಹಿರೇಹಾಳಿಗೆ ಹೋದೆ. ಬಸ್ಸಿಳಿದು ಚಹಾದ ಅಂಗಡಿಯವನಿಗೆ ಆಕೆಯ ಹೆಸರು ಹೇಳಿ ಕೇಳಿದೆ.

"ಆ ಹೆಸರಿನೋರು ನಾಕೈದು ಮಂದಿ ಅದಾರ್ರಿ. ಯಾರ ಪೈಕಿ?"

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ರೊಟ್ಟಿ ತಿಂದಿದ್ದೆ, ಮನೆತನ ಕೇಳಿರಲಿಲ್ಲ. "ರಾಯದುರ್ಗಕ್ಕೆ ಜೀನ್ಸ್ ಕೆಲಸಕ್ಕೆ ಬರ್ತಿದ್ರಪ್ಪ, ಬಾಳ ಹಿಂದೆ," ಎಂದೆ.

"ಓ, ಎಡಗಾಲಕ್ಕ. ಮೊದ್ಲ ಹಂಗನ್ನಬಾರದೇನ್ರಿ. ಆಕಿ ತೀರಿಕೊಂಡು ಎರಡು ಮಳಿಗಾಲ ಆತು." ಚಹಾ ಸೋಸಿ ನನ್ನ ಮುಂದೆ ಇಟ್ಟ. "ಎರಡೂ ಕಾಲು ಚಲೋನ ಇದ್ವು ಆಕಿಗೆ. ಹಂಗ್ಯಾಕ ಕರೀತಿದ್ರೋ ಏನೋ. ನಿಮಗೇನಾರ ಗೊತ್ತೇನ್ರಿ ಯಜಮಾನ್ರ?"

"ಗೊತ್ತಿಲ್ಲಪ್ಪ," ಎಂದೆ.

ಚಹಾ ಕುಡಿದು ಬಸ್ಸಿಗೆ ಕೂತೆ. ಆ ಅಂಗಡಿಯವನಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ. ಕಾರಣ ನನಗೆ ಗೊತ್ತು, ಕಾರಣ ನಾನು. ಆಕೆ ಪದರ ಸರಿಯಾಗಿಯೇ ಹಾಕಿದ್ದಳು. ಆಕೆಯ ಹೆಸರು ಸುಂಕಲಮ್ಮ.